ನೇಪಾಳವೋ, ಉಗಾಂಡವೋ? ಕೊಡಗಿನಿಂದ ಸೇವೆಗೆ ಹೊರಡುವ ಕ್ರೈಸ್ತ ಯುವಜನರಿಗೆ

ನೇಪಾಳಕ್ಕೆ ವೀಸಾ ಬೇಡ. ವಿಮಾನದಲ್ಲಿ ಹೋಗಲು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು, ಆಧಾರ್ ನಡೆಯದು. ಶಾಲೆಯಲ್ಲಿ ಹಿಂದಿ ಕಲಿತವರಿಗೆ ಲಿಪಿಯೂ ಹೊಸದಲ್ಲ. ಆದರೆ ಮತಾಂತರ ಮಾಡಿಸಿದರೆ 5 ವರ್ಷದವರೆಗೆ ಜೈಲು, ವಿದೇಶಿಯರಿಗೆ ಆಮೇಲೆ ಗಡೀಪಾರು. ಕರಪತ್ರ ಹಂಚುವ ಯೋಚನೆ ಬಿಟ್ಟೇ ಹೊರಡಿ.

ಉಗಾಂಡದಲ್ಲಿ ಇಂಗ್ಲಿಷ್ ನಡೆಯುತ್ತದೆ, ಆ ಭಯವೂ ಇಲ್ಲ. ತೊಡಕು ಆರೋಗ್ಯದ್ದು. ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮುಂಚೆ, ಮಾನ್ಯತೆ ಪಡೆದ ಕೇಂದ್ರದಲ್ಲೇ ಹಾಕಿಸಿ. ಆಗ ಕೊಡುವ ಲಸಿಕೆ ಪ್ರಮಾಣಪತ್ರದಲ್ಲಿನ (ಹಳದಿ ಕಾರ್ಡ್) ಹೆಸರು ಪಾಸ್‌ಪೋರ್ಟಿಗೆ ಅಕ್ಷರಶಃ ತಾಳೆಯಾಗಲಿ. ಒಂದರಲ್ಲಿ ಮನೆಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಷಿಯಲ್ ಇದ್ದರೆ ತಕರಾರು ಬರಬಹುದು. ಕಾರ್ಡಿಲ್ಲದೆ ಮರಳಿದರೆ ಇಲ್ಲಿ 6 ದಿನದವರೆಗೆ ಕ್ವಾರಂಟೈನ್. ಮಲೇರಿಯಾ ತಡೆಗೆ ವೈದ್ಯರು ಡಾಕ್ಸಿಸೈಕ್ಲಿನ್ ಬರೆದರೆ ಮಡಿಕೇರಿಗೆ ಮರಳಿದ ಮೇಲೂ 4 ವಾರ ನುಂಗಬೇಕು. ಹೆಚ್ಚಿನವರು ಎಡವುವುದು ಇಲ್ಲೇ.