ಡಿವಿಷನ್ ಒನ್, ಡಿವಿಷನ್ ತ್ರೀ, ಜೂನಿಯರ್ ಕಾಲೇಜು: ಓಟಗಾರ್ತಿಗೆ ಯಾವುದು?

ಅಮೆರಿಕದ ಹೈಸ್ಕೂಲಿನಲ್ಲಿ 800 ಮೀಟರ್ ಓಡುವ ಮಗಳಿಗೆ ಯಾವ ಕಾಲೇಜು ಎಂದು ಕೇಳಿದ್ದೀರಿ. ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯಲ್ಲಿ ಡಿವಿಷನ್ ಎಂದರೆ ಸ್ಪರ್ಧೆಯ ದರ್ಜೆ: ಒನ್ ಎಲ್ಲಕ್ಕಿಂತ ಮೇಲಿನದು, ತ್ರೀ ಕೆಳಗಿನದು. ಮೊದಲು ದುಡ್ಡಿನ ಮಾತು. ಡಿವಿಷನ್ ಒನ್‌ನಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಉಂಟು, ಆದರೆ ಟ್ರ್ಯಾಕ್‌ನಲ್ಲಿ ಅದನ್ನು ಹಲವರಿಗೆ ಹಂಚುವುದೇ ಹೆಚ್ಚು. ಹಾರ್ವರ್ಡ್, ಯೇಲ್‌ನಂಥ ಕಾಲೇಜುಗಳ ಐವಿ ಲೀಗ್ ಕೂಡ ಡಿವಿಷನ್ ಒನ್ನೇ, ಓಟಕ್ಕೆಂದು ಬಿಡಿಗಾಸೂ ಕೊಡುವುದಿಲ್ಲ! ಡಿವಿಷನ್ ತ್ರೀಯಲ್ಲೂ ಅಷ್ಟೇ. ಅಂಕ, ಮನೆಯ ಆದಾಯ ನೋಡಿ ಕೊಡುವ ನೆರವು ಮಾತ್ರ ಕೆಲವೊಮ್ಮೆ ಆ ಅರೆಬರೆ ಸ್ಕಾಲರ್‌ಶಿಪ್ಪನ್ನೇ ಮೀರಿಸುತ್ತದೆ. ಎರಡು ವರ್ಷದ ಜೂನಿಯರ್ ಕಾಲೇಜಿನಲ್ಲಿ ಸಾಮಾನ್ಯವಾಗಿ ಫೀಸೇ ಕಡಿಮೆ.

ಇನ್ನು ತಂಡದಲ್ಲಿ ಜಾಗ. ಆಟಗಾರರಿಗೆ ಕಾಲೇಜೇ ನೇರವಾಗಿ ದುಡ್ಡು ಕೊಡಲು ದಾರಿ ಮಾಡಿದ 2025ರ ಹೊಸ ಒಪ್ಪಂದಕ್ಕೆ (ಹೌಸ್ ಸೆಟಲ್‌ಮೆಂಟ್) ಸೇರಿದ ಡಿವಿಷನ್ ಒನ್ ಕಾಲೇಜುಗಳಲ್ಲಿ ಮಹಿಳಾ ಟ್ರ್ಯಾಕ್ ತಂಡಕ್ಕೆ 45 ಜನರ ಮಿತಿ; ಓಟ, ಜಿಗಿತ, ಎಸೆತ ಎಲ್ಲ ಅದರೊಳಗೇ. ಕೋಚ್‌ಗೆ ಮೇಲ್ ಕಳಿಸುವ ಮುನ್ನ ಆ ಕಾಲೇಜಿನ ಕಾನ್ಫರೆನ್ಸ್ (ಅದು ಸೇರಿರುವ ಕಾಲೇಜುಗಳ ಲೀಗ್) ಫೈನಲ್ ಫಲಿತಾಂಶ ತೆಗೆದು, ಮಗಳ ಸಮಯವನ್ನು ಪಕ್ಕದಲ್ಲಿಟ್ಟು ನೋಡಿ. ಕೊನೆಯವಳಿಗಿಂತಲೂ ಏಳೆಂಟು ಸೆಕೆಂಡ್ ಹಿಂದಿದ್ದರೆ ಅಲ್ಲಿ ಓಡಲು ಸಿಗುವುದೇ ಕಷ್ಟ.

ಸಮಯ ಹತ್ತಿರವಿದ್ದು ಓಟವೇ ಮೊದಲೆನ್ನುವವಳಿಗೆ ಡಿವಿಷನ್ ಒನ್. ಲ್ಯಾಬು, ಇಂಟರ್ನ್‌ಶಿಪ್ಪೂ ಬೇಕೆಂದರೆ ಡಿವಿಷನ್ ತ್ರೀ. ಡಿವಿಷನ್ ಒನ್ ಕೇಳುವ, ಹೈಸ್ಕೂಲಿನ 16 ಕೋರ್ ಕೋರ್ಸ್ (ಇಂಗ್ಲಿಷ್, ಗಣಿತದಂಥ ಮುಖ್ಯ ವಿಷಯಗಳು) ಮುಗಿದಿಲ್ಲವೇ, ಅಥವಾ ವೇಗ ಈಗಷ್ಟೇ ಕುದುರುತ್ತಿದೆಯೇ? ಜೂನಿಯರ್ ಕಾಲೇಜಿನಲ್ಲಿ ಓಡಿ, ಆಮೇಲೆ ನಾಲ್ಕು ವರ್ಷದ ಕಾಲೇಜಿಗೆ ವರ್ಗಾವಣೆ ಪಡೆಯಬಹುದು. ಜೂನಿಯರ್ ಕಾಲೇಜಿನ ಕ್ರೆಡಿಟ್‌ಗಳು (ಮುಗಿಸಿದ ಕೋರ್ಸುಗಳ ಲೆಕ್ಕ) ಹೊಸ ಕಾಲೇಜಿನಲ್ಲಿ ಸಲ್ಲುತ್ತವೆಯೇ ಎಂದು ಮೊದಲೇ ಕೇಳಿಕೊಳ್ಳಿ.