ಮೂರು ಸಲ ಗ್ಯಾಸ್ ತುಂಬಿಸಿಕೊಂಡ ಹೊಸ ಫ್ರಿಜ್

ಕಳೆದ ದೀಪಾವಳಿಗೆ ದಾವಣಗೆರೆಯಲ್ಲೇ ಒಂದು ದೊಡ್ಡ ಅಂಗಡಿಯಲ್ಲಿ ಡಬಲ್ ಡೋರ್ ಫ್ರಿಜ್ ತೆಗೆದುಕೊಂಡೆವು. 28 ಸಾವಿರ. ಮಾರುವಾಗ ಚೆನ್ನಾಗಿ ಮಾತಾಡಿಸಿದರು, ಅದೇ ದಿನ ಮನೆಗೆ ತಂದಿಳಿಸಿದರು. ಅಷ್ಟಕ್ಕೆ ಒಳ್ಳೆಯ ಮಾತು ಹೇಳಲೇಬೇಕು. ಆಮೇಲಿನದಕ್ಕೆ ಒಂದೇ ಸ್ಟಾರ್.

ಫೆಬ್ರವರಿಯಲ್ಲಿ ಕೂಲಿಂಗ್ ನಿಂತಿತು. ದೋಸೆಗೆಂದು ತಂದಿಟ್ಟಿದ್ದ ಬೆಣ್ಣೆ ನೀರಾಗಿತ್ತು. ಬೆಣ್ಣೆ ಹೋಗಲಿ, ಅಪ್ಪಾಜಿಯ ಇನ್ಸುಲಿನ್ ಅದರಲ್ಲೇ ಇತ್ತು. ಇನ್ನೂ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೇ ಇರಬೇಕು. ಅದೆಲ್ಲ ಕೆಟ್ಟಿರಬಹುದು ಅಂತ ಎಸೆದು, ಹೊಸದು ತಂದು ಪಕ್ಕದ ಮನೆ ಅಕ್ಕನ ಫ್ರಿಜ್‌ನಲ್ಲಿಟ್ಟೆವು.

ಸರ್ವಿಸ್‌ನಿಂದ ಬಂದ ಹುಡುಗ "ಅಕ್ಕಾ, ಗ್ಯಾಸ್ ಕಡಿಮೆಯಾಗಿದೆ" ಎಂದು ತುಂಬಿ ಹೋದ. ಮಾರ್ಚ್‌ನಲ್ಲಿ ಮತ್ತೆ ಅದೇ. ಮೇ ತಿಂಗಳಲ್ಲೂ ಅದೇ. ಫ್ರಿಜ್‌ನ ಗ್ಯಾಸ್ ಅಡುಗೆ ಸಿಲಿಂಡರಿನ ಗ್ಯಾಸಿನಂತೆ ಉರಿದು ಖಾಲಿಯಾಗುವುದಿಲ್ಲ, ಪೈಪಿನೊಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಲೀಕ್ ಇದೆ ಅಂತ ತಾನೇ? ಲೀಕ್ ಹುಡುಕಿ ಮುಚ್ಚದೆ ಬರೀ ತುಂಬಿದರೆ ಎಷ್ಟು ದಿನ ನಿಲ್ಲುತ್ತದೆ? ಮೂರನೇ ಸಲ ಗ್ಯಾಸಿಗೆ ದುಡ್ಡು ಬೇರೆ ಕೇಳಿದ, 10 ವರ್ಷದ ವಾರಂಟಿ ಕಂಪ್ರೆಸರ್‌ಗೆ ಮಾತ್ರ ಅಂತ. ಕಾರ್ಡ್ ತೆಗೆದು ತೋರಿಸಿದೆ. ಮೊದಲ ವರ್ಷ ಇಡೀ ಫ್ರಿಜ್‌ಗೆ ವಾರಂಟಿ ಇದೆ ಅಂತ ಸ್ಪಷ್ಟವಾಗಿ ಬರೆದಿತ್ತು. ಸುಮ್ಮನಾದ.

ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ, ನೀವು ಮಾಡಬೇಡಿ. ಮೊದಲ ಎರಡು ಸಲ ಸರ್ವಿಸ್ ಹುಡುಗ ಕೇಳಿದ ಕೂಡಲೇ ನನ್ನ ಫೋನಿಗೆ ಬಂದ ಒಟಿಪಿ ಹೇಳಿಬಿಟ್ಟೆ. ಅದನ್ನು ಹೇಳಿದರೆ ದೂರು ಸರಿಯಾಯಿತು ಅಂತ ಕಂಪನಿಯ ಲೆಕ್ಕದಲ್ಲಿ ಮುಚ್ಚಿಹೋಗುತ್ತದೆ. ಫ್ರಿಜ್ ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಹುಡುಗ ಹತ್ತು ನಿಮಿಷದಲ್ಲಿ ಹೊರಡುತ್ತಾನೆ. ತಣ್ಣಗಾಗಿದ್ದು ಕಣ್ಣಾರೆ ನೋಡುವ ತನಕ ಒಟಿಪಿ ಕೊಡಬೇಡಿ. ಏನು ಕೆಟ್ಟಿತ್ತು, ಏನು ಮಾಡಿದರು ಅಂತ ಬರೆದ ಜಾಬ್ ಶೀಟ್ ಪ್ರತಿ ಸಲವೂ ಇಸಿದುಕೊಳ್ಳಿ. ಅದಿಲ್ಲದಿದ್ದರೆ ಮೂರು ಸಲ ಕೆಟ್ಟಿದ್ದು ನಿಮ್ಮ ಬಾಯಿಮಾತಷ್ಟೇ.

ಅಂಗಡಿಗೆ ಹೋದರೆ ಮಾಲೀಕರು "ನಾವು ಮಾರಿದ್ದಷ್ಟೇ ಅಮ್ಮಾ, ಕಂಪನಿಯವರನ್ನ ಕೇಳಿ" ಅಂದರು. ದುಡ್ಡು ಎಣಿಸಿಕೊಂಡು ಬಿಲ್ ಕೊಟ್ಟವರು ಅವರೇ ಅಲ್ವಾ? ಗ್ರಾಹಕರ ಆಯೋಗಕ್ಕೆ ದೂರು ಕೊಡುವಾಗ ಕಂಪನಿಯ ಜೊತೆ ಅಂಗಡಿಯವರನ್ನೂ ಸೇರಿಸಬಹುದು.

ಜೂನ್‌ನಲ್ಲಿ ನಾಲ್ಕನೇ ಸಲ ಕೆಟ್ಟಾಗ ಯಾರನ್ನೂ ಕರೆಯಲಿಲ್ಲ. ಬಿಲ್, ವಾರಂಟಿ ಕಾರ್ಡ್, ಫೋನಿನಲ್ಲಿದ್ದ ಹಳೆಯ ದೂರು ನಂಬರ್‌ಗಳು, ಕೊನೆಯ ಸಲದ ಜಾಬ್ ಶೀಟ್ ಎಲ್ಲ ಸೇರಿಸಿ, ಫ್ರಿಜ್ ಬದಲಿಸಿ ಇಲ್ಲವೇ ದುಡ್ಡು ವಾಪಸ್ ಕೊಡಿ ಅಂತ ಕಂಪನಿಗೂ ಅಂಗಡಿಗೂ ಸ್ಪೀಡ್ ಪೋಸ್ಟ್ ಹಾಕಿದೆ. 1915ಕ್ಕೆ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅವರು ಆದೇಶ ಕೊಡಲಾರರು, ಆದರೆ ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುತ್ತಾರೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದ್ದೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವಿರುವ ಊರಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲಿದ್ದರೂ ಸರಿ. ವಕೀಲರು ಬೇಕೇ ಬೇಕು ಅಂತಿಲ್ಲ. 5 ಲಕ್ಷದೊಳಗಿನ ವಸ್ತುವಿಗೆ ಶುಲ್ಕವೂ ಇಲ್ಲ. ತೊಂದರೆಯಾದ ಎರಡು ವರ್ಷದೊಳಗೆ ದೂರು ಕೊಡಬೇಕು ಅಷ್ಟೇ. ಅರ್ಜಿ ಕೂಡ ಬರೆದಿಟ್ಟುಕೊಂಡಿದ್ದೆ.

ಅಷ್ಟರವರೆಗೆ ಹೋಗಲಿಲ್ಲ. ಮೂರು ವಾರಕ್ಕೆ ಕಂಪನಿಯಿಂದಲೇ ಫೋನ್ ಬಂತು, ಹಳೆಯದನ್ನು ಒಯ್ದು ಬೇರೆ ಫ್ರಿಜ್ ಕೊಟ್ಟರು. ವಾರಂಟಿ ಯಾವ ದಿನದಿಂದ ಅಂತ ಕೇಳಿ, ಬರೆಸಿಕೊಂಡೆ. ಎರಡು ದಿನ ಒಳಗೆ ಥರ್ಮಾಮೀಟರ್ ಇಟ್ಟು ನೋಡಿ, ಮೂರನೇ ದಿನ ಪಕ್ಕದ ಮನೆಯಿಂದ ಅಪ್ಪಾಜಿಯ ಇನ್ಸುಲಿನ್ ತಂದಿಟ್ಟೆವು.