499 ರೂಪಾಯಿ "ಫ್ರೀ ಆರ್ಟ್" ತಗೊಂಡು ಲೇಬಲ್ ಮಾಡಕ್ಕೋಗಿ ಆದ ಕಥೆ

ನಮ್ದು ಶ್ರೀನಿವಾಸಪುರದ ಹತ್ರ ಒಂದು ಹಳ್ಳಿ, ಏಪ್ರಿಲ್ ಬಂತು ಅಂದ್ರೆ ಮಾವು ಬಿಟ್ಟು ಬೇರೆ ಮಾತೇ ಇರಲ್ಲ. ಈ ಸಲ ಚಿಕ್ಕಪ್ಪ ಎಲ್ಲಾ ಮಂಡಿಗೆ ಹಾಕೋದು ಬೇಡ, ಮೂರು ಕೆಜಿ ಬಾಕ್ಸ್ ಮಾಡಿ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಿಗೆ ನೇರ ಕಳ್ಸೋಣ ಅಂದ್ರು, ಲೇಬಲ್ ಕೆಲಸ ನನ್ ತಲೆಗೆ ಬಂತು. ನಂಗೋ ಬ್ರಿಟಿಷರ ಕಾಲದ ಪುಸ್ತಕದಲ್ಲಿ ಇರ್ತಾವಲ್ಲ ಆ ಥರ ಹಣ್ಣಿನ ಚಿತ್ರ ಬೇಕಿತ್ತು, ಹುಡುಕ್ತಾ ಇದ್ದೆ, ಅಷ್ಟರಲ್ಲಿ ಇನ್‌ಸ್ಟಾದಲ್ಲಿ ಜಾಹೀರಾತು ಬಂತು, ಹತ್ತು ಸಾವಿರ ವಿಂಟೇಜ್ ಚಿತ್ರ, ಪೂರ್ತಿ ಪಬ್ಲಿಕ್ ಡೊಮೇನ್ (ಅಂದ್ರೆ ಯಾರ ಕಾಪಿರೈಟೂ ಇಲ್ದಿರೋದು), ಬಿಸಿನೆಸ್‌ಗೂ ಬಳಸ್ಬೋದು, ಬರೀ 499. ಫ್ರೀ ಇರೋದಕ್ಕೆ ದುಡ್ಡು ಯಾಕೆ ಕೇಳ್ತವ್ನೆ ಅಂತ ಆಗ್ಲೇ ಹೊಳೀಬೇಕಿತ್ತು, ಹೊಳೀಲಿಲ್ಲ.

ಡ್ರೈವ್ ಲಿಂಕ್ ಬಂತು, ಅದ್ರಲ್ಲಿ ಒಂದು ಮಾವಿನ ಚಿತ್ರ ಅಬ್ಬಬ್ಬಾ, ಹಳದಿ ಬಿದ್ದ ಕಾಗದ, ಮೂಲೇಲಿ ಕಾಫಿ ಕಲೆ ಥರ ಕಲೆ, ಕೆಳಗೆ ಕೈಬರಹದಲ್ಲಿ ಮಾವಿನ ವೈಜ್ಞಾನಿಕ ಹೆಸ್ರು, ಮ್ಯಾಂಜಿಫೆರಾ ಇಂಡಿಕಾ. ನೂರು ವರ್ಷದ್ದೇ ಅಂದ್ಕೊಂಡು ಕೋಲಾರದಲ್ಲಿ ಎರಡು ಸಾವಿರ ಲೇಬಲ್ ಹಾಕ್ಸಿದೆ.

ಬಾಕ್ಸ್ ಫೋಟೊ ಹಾಕಿದ ಎಂಟೇ ದಿನಕ್ಕೆ ಒಬ್ಬ ಕಲಾವಿದೆ ಮೆಸೇಜ್ ಮಾಡಿದ್ರು, ಅದು ನನ್ ಚಿತ್ರ, ನಾಲ್ಕು ವರ್ಷದ ಹಿಂದೆ ಬರ್ದಿದ್ದು ಅಂತ. ಆ ಕಾಫಿ ಕಲೆ ಕೂಡ ಕಂಪ್ಯೂಟರಲ್ಲಿ ಹಾಕಿದ್ದಂತೆ, ಲೇಯರ್ ಸಮೇತ ತೋರ್ಸಿದ್ರು. ಪಾಪ ಜಗಳ ಏನೂ ಆಡ್ಲಿಲ್ಲ, ಆಗ್ಲೇ ಮಾರಿದ ಬಾಕ್ಸಿಗೆ 3500 ಕೊಡಿ, ಉಳಿದ ಲೇಬಲ್ ಬಳಸ್ಬೇಡಿ ಅಂದ್ರು. ಲೇಬಲ್ಲಿಗೆ 7000 ಆಗಿತ್ತು. ಪ್ಯಾಕಿನ 499 ಸೇರಿ ಒಟ್ಟು ಹನ್ನೊಂದು ಸಾವಿರಕ್ಕೆ ಒಂದ್ ರೂಪಾಯಿ ಕಮ್ಮಿ. ಪ್ಯಾಕ್ ಮಾರಿದವನ ಅಕೌಂಟೇ ಮಾಯ.

ಚಿತ್ರ ಕೊಟ್ರೆ ಅದು ಎಲ್ಲೆಲ್ಲಿ ಐತೆ ಅಂತ ಹುಡುಕೋ ಗೂಗಲ್ ಲೆನ್ಸ್‌ಗೆ ಮೊದ್ಲೇ ಹಾಕಿದ್ರೆ ಎರಡು ನಿಮಿಷದಲ್ಲಿ ಅವ್ರ ಅಂಗಡಿ ಪೇಜೇ ಬರ್ತಿತ್ತು, ಆಮೇಲೆ ಹಾಕಿ ನೋಡ್ದೆ, ಬಂತು. ಹೊಟ್ಟೆ ಉರೀತು.

ಆಮೇಲೆ ಕೂತು ತಿಳ್ಕೊಂಡಿದ್ದು ಏನಂದ್ರೆ, ನಮ್ ದೇಶದಲ್ಲಿ ಚಿತ್ರ ಬರ್ದವ್ರು ಸತ್ತು, ಮುಂದಿನ ಜನವರಿಯಿಂದ 60 ವರ್ಷ ಕಳೀಬೇಕು, ಆಮೇಲೇ ಕಾಪಿರೈಟ್ ಮುಗಿಯೋದು. ಚಿತ್ರ ನೋಡಕ್ಕೆ ಹಳೇದು ಅನ್ನೋದು ಲೆಕ್ಕಕ್ಕೇ ಇಲ್ಲ. ರವಿವರ್ಮ ತೀರ್ಕೊಂಡಿದ್ದು 1906, ಅವ್ರ ಲಕ್ಷ್ಮಿ ಸರಸ್ವತಿ ಯಾರ್ ಬೇಕಾದ್ರೂ ಬಳಸ್ಬೋದು. ಆದ್ರೆ ಕ್ಯಾಲೆಂಡರ್ ದೇವ್ರುಗಳನ್ನ ಬರೀತಿದ್ದ ಕೊಂಡಯ್ಯ ರಾಜು ಹೋಗಿದ್ದು 1976ರಲ್ಲಿ, ಅವ್ರದ್ದು 2036 ಮುಗಿಯೋವರ್ಗೂ ಮುಟ್ಟಂಗಿಲ್ಲ. ನಮ್ ಕಣ್ಣಿಗೆ ಎರಡೂ ಅಜ್ಜಿ ಮನೆ ಗೋಡೆ ಫೋಟೊನೇ. ಇನ್ನೊಂದು, ಕೋಲಾರಮ್ಮನ ಗುಡಿ ಸಾವಿರ ವರ್ಷದ್ದಿರ್ಬೋದು, ಅದನ್ನ ಹೋದ್ ವರ್ಷ ಯಾರೋ ತೆಗ್ದು ಹಾಕಿರೋ ಫೋಟೊ ಅವ್ರದ್ದೇ, ಗುಡಿ ಹಳೇದು ಅಂತ ಎತ್ಕೊಂಡ್ ಬಂದ್ರೆ ನನ್ ಗತಿನೇ.

ನಿಜವಾದ್ ಫ್ರೀ ಎಲ್ಲೈತೆ ಅಂದ್ರೆ, ಮ್ಯೂಸಿಯಮ್ಮುಗಳ ಸ್ವಂತ ಸೈಟಲ್ಲಿ. ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ 2017ರಿಂದ ಲಕ್ಷಗಟ್ಟಲೆ ಚಿತ್ರ ಬಿಟ್ಟೈತೆ, ಆದ್ರೆ ಅಲ್ಲೂ ಎಲ್ಲಾ ಅಲ್ಲ, ಓಪನ್ ಆಕ್ಸೆಸ್ ಅಂತ ಫಿಲ್ಟರ್ ಹಾಕಿ ಆ ಚಿತ್ರದ ಪೇಜಲ್ಲೇ ಪಬ್ಲಿಕ್ ಡೊಮೇನ್ ಅಂತ ಇದ್ಯಾ ನೋಡಿ, ಆ ಪೇಜ್ ಸ್ಕ್ರೀನ್‌ಶಾಟ್ ತಾರೀಕಿನ ಸಮೇತ ಇಟ್ಕೊಳಿ. ಹಣ್ಣಿನ ಚಿತ್ರಕ್ಕಂತೂ ಅಮೆರಿಕದ ಕೃಷಿ ಇಲಾಖೆ ಹತ್ರ ಖಜಾನೆನೇ ಐತೆ, 1886ರಿಂದ 1942ರವರ್ಗೂ ಕಲಾವಿದರನ್ನ ಕೂರ್ಸಿ ಬರೆಸಿದ 7500ಕ್ಕೂ ಜಾಸ್ತಿ ಜಲವರ್ಣ, ಕತ್ತರಿಸಿದ ಹಣ್ಣು, ವಾಟೆ, ಕೊಳೆತ ಜಾಗ ಕೂಡ ಬಿಟ್ಟಿಲ್ಲ, ಒಂದ್ ಪೈಸೆ ಇಲ್ದೆ ಇಳಿಸ್ಕೋಬೋದು. ಇಂಡಿಯಾದಿಂದ 1889ರಲ್ಲಿ ಅಲ್ಲಿಗೆ ಹೋದ ಮಲಗೋವಾನೂ ಐತೆ, ಅವ್ರು ಮಲ್ಗೋಬ ಅಂತ ಬರ್ಕೊಂಡವ್ರೆ.

ಅದನ್ನೇ ಹೊಸ ಲೇಬಲ್ಲಿಗೆ ಹಾಕ್ದೆ. ಚಿಕ್ಕಪ್ಪ ಹಿಂದೆ ಮುಂದೆ ತಿರುಗ್ಸಿ ನೋಡಿ ಕೇಳಿದ್ದು ಒಂದೇ ಮಾತು, "ಒಳಗಡೆ ಬಾದಾಮಿ ಐತಲ್ಲೋ, ಮೇಲೆ ಮಲಗೋವಾ ಯಾಕೆ ಅಂಟ್ಸಿದೀಯ?"